ಬೊಜ್ಜಿನ ಆಪರೇಷನ್ ಆದ ಮೇಲೆ: ಊಟವೂ ಔಷಧ, ಮಾತೂ ಔಷಧ

ಅತಿಯಾದ ಬೊಜ್ಜನ್ನು ಕರಗಿಸಲು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಂದು ಕಾಲಕ್ಕೆ ದೊಡ್ಡ ನಗರಗಳ ಶ್ರೀಮಂತರ ಮಾತಾಗಿತ್ತು. ಈಗ ಹಾಗಿಲ್ಲ. ಬಳ್ಳಾರಿ ನಗರದ ವ್ಯಾಪಾರಿಗಳು, ಸಿರುಗುಪ್ಪದ ಭತ್ತದ ಬೆಳೆಗಾರರು, ಕುರುಗೋಡು ಕಡೆಯ ಶಿಕ್ಷಕಿಯರು ಕೂಡ ಬೆಂಗಳೂರು, ಹೈದರಾಬಾದ್ ಮುಂತಾದ ಕಡೆ ಹೋಗಿ ಈ ಚಿಕಿತ್ಸೆ ಪಡೆದು ಬರುತ್ತಿದ್ದಾರೆ. ಆಪರೇಷನ್ ಆಗುವುದು ಅಲ್ಲಿ. ಆಮೇಲಿನ ಬದುಕು ಸಾಗಬೇಕಾದದ್ದು ಇಲ್ಲಿ, ನಮ್ಮ ಅಡುಗೆಮನೆಯಲ್ಲಿ, ನಮ್ಮ ನೆಂಟರಿಷ್ಟರ ನಡುವೆ. ಮೂರ್ನಾಲ್ಕು ದಿನಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವ ರೋಗಿಯ ಕೈಯಲ್ಲಿ ಒಂದು ಆಹಾರದ ಪಟ್ಟಿ, ಒಂದಿಷ್ಟು ಮಾತ್ರೆ ಇರುತ್ತವೆ. ಮೊದಲ ಒಂದೆರಡು ಸಲ ಮರುಪರೀಕ್ಷೆಗೆ ಹೋಗುತ್ತಾರೆ. ತೂಕ ಇಳಿಯತೊಡಗಿದ ಕೂಡಲೇ "ಇನ್ನೇನು, ಎಲ್ಲ ಸರಿಹೋಯಿತಲ್ಲ, ಮುನ್ನೂರು ಕಿಲೋಮೀಟರ್ ಮತ್ತೆ ಯಾಕೆ ಹೋಗಬೇಕು?" ಎಂದು ನಿಲ್ಲಿಸಿಬಿಡುತ್ತಾರೆ. ತೊಂದರೆ ಶುರುವಾಗುವುದು ಬಹುಮಟ್ಟಿಗೆ ಇಲ್ಲಿಂದಲೇ.

ಶಸ್ತ್ರಚಿಕಿತ್ಸೆ ಹೊಟ್ಟೆಯ ಗಾತ್ರವನ್ನು ಬದಲಿಸುತ್ತದೆ. ತಿನ್ನುವ ಅಭ್ಯಾಸವನ್ನು, ಮನಸ್ಸಿನ ನೋವನ್ನು ಅದು ತಾನಾಗಿಯೇ ಬದಲಿಸುವುದಿಲ್ಲ. ಆದ್ದರಿಂದ ಈ ವಾರ, ಆಪರೇಷನ್ ಆದವರು ಮತ್ತು ಅವರ ಮನೆಯವರು ಊಟದ ಬಗ್ಗೆ, ಮನಸ್ಸಿನ ಬಗ್ಗೆ ತಿಳಿದಿರಲೇಬೇಕಾದ ಕೆಲವು ಸಂಗತಿಗಳನ್ನು ನೋಡೋಣ.

ಯಾವುದು ಈ ಚಿಕಿತ್ಸೆ?

ಮೊದಲು ಒಂದು ಗೊಂದಲ ಬಗೆಹರಿಯಲಿ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಅವರು ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡ ಸುದ್ದಿ ಬಂದಾಗ ಅನೇಕರು ಹೆದರಿ, "ಬೊಜ್ಜಿನ ಆಪರೇಷನ್ ಅಂದರೆ ಇದೇನಾ?" ಎಂದು ಕೇಳುತ್ತಿದ್ದರು. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಅಂದ ತಿದ್ದುವ ಚಿಕಿತ್ಸೆ. ಅದನ್ನು ಲೈಪೋಸಕ್ಷನ್ ಎನ್ನುತ್ತಾರೆ. ಅದು ಬೊಜ್ಜು ರೋಗಕ್ಕೆ ಮದ್ದಲ್ಲ. ನಾವು ಇಲ್ಲಿ ಹೇಳುತ್ತಿರುವುದು ಜಠರ ಮತ್ತು ಕರುಳಿನ ಮೇಲೆ ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ. ಎರಡೂ ಬೇರೆ ಬೇರೆ.

ಬೇರಿಯಾಟ್ರಿಕ್ ಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು 'ಸ್ಲೀವ್'. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಹಣ್ಣಿನಂಥ ಸಣ್ಣ ಕೊಳವೆಯಾಗಿ ಮಾಡುತ್ತಾರೆ. ಎರಡನೆಯದು 'ಬೈಪಾಸ್'. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ 1966ರಲ್ಲಿ ಬೈಪಾಸ್ ಶುರುಮಾಡಿದರು. ಇಂದು ಇವೆರಡನ್ನೂ ಸಾಮಾನ್ಯವಾಗಿ ಸಣ್ಣ ರಂಧ್ರಗಳ ಮೂಲಕ, ಲ್ಯಾಪ್ರೋಸ್ಕೋಪಿಯಿಂದ ಮಾಡುತ್ತಾರೆ.

ದಪ್ಪಗಿರುವವರಿಗೆಲ್ಲ ಇದು ಬೇಕಾಗಿಲ್ಲ. ತೂಕವನ್ನು (ಕಿಲೋದಲ್ಲಿ) ಎತ್ತರದ ವರ್ಗದಿಂದ (ಮೀಟರಿನಲ್ಲಿ) ಭಾಗಿಸಿದರೆ ಬರುವ ಸಂಖ್ಯೆಗೆ ಬಿ.ಎಂ.ಐ. ಎನ್ನುತ್ತಾರೆ. ಉದಾಹರಣೆಗೆ 110 ಕಿಲೋ ತೂಕ, 1.6 ಮೀಟರ್ ಎತ್ತರವಿದ್ದರೆ 110 ಭಾಗಿಸು 2.56, ಅಂದರೆ ಸುಮಾರು 43. ನಮ್ಮ ದೇಶದವರಲ್ಲಿ 25 ದಾಟಿದರೇ ಬೊಜ್ಜು ಎಂದು ವೈದ್ಯರು ಎಣಿಸುತ್ತಾರೆ. ಬಹುಕಾಲ 40 ಮೀರಿದವರಿಗೆ, ಅಥವಾ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಜೊತೆ 35 ಮೀರಿದವರಿಗೆ ಶಸ್ತ್ರಚಿಕಿತ್ಸೆ ಎಂಬ ನಿಯಮವಿತ್ತು. 2022ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಂಘಟನೆಗಳು ಈ ಮಿತಿಯನ್ನು ಇಳಿಸಿ, ಏಷ್ಯಾದವರಿಗೆ ಇನ್ನೂ ಕಡಿಮೆ ಅಂಕದಲ್ಲೇ ಪರಿಗಣಿಸಬಹುದು ಎಂದಿವೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತಜ್ಞರೇ ನಿರ್ಧರಿಸಬೇಕು.

ಲಾಭ ದೊಡ್ಡದೇ. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಅಧ್ಯಯನವೊಂದು ಆಪರೇಷನ್ ಆದ ಸುಮಾರು ಎರಡು ಸಾವಿರ ಜನರನ್ನೂ, ಆಗದ ಅಷ್ಟೇ ಜನರನ್ನೂ ವರ್ಷಗಟ್ಟಲೆ ಗಮನಿಸಿತು. ಆಪರೇಷನ್ ಆದವರಲ್ಲಿ ಸಾವು ಕಡಿಮೆ ಎಂದು 2007ರಲ್ಲಿ ಅದು ವರದಿ ಮಾಡಿತು. ಅನೇಕರಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮಂಡಿನೋವು ತಗ್ಗುತ್ತದೆ, ನಿದ್ದೆಯಲ್ಲಿ ಉಸಿರುಗಟ್ಟುವುದು ನಿಲ್ಲುತ್ತದೆ. ಆದರೆ ಈ ಲಾಭ ಉಳಿಯಬೇಕಾದರೆ ಮುಂದಿನ ಆರೈಕೆ ತಪ್ಪಬಾರದು.

ಮೊದಲ ಎರಡು ತಿಂಗಳ ಊಟ

ಹೊಲಿಗೆ ಹಾಕಿದ ಜಠರ ಮಾಯಲು ಸಮಯ ಬೇಕು. ಆದ್ದರಿಂದ ಊಟ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯಬೇಕು. ಆರಂಭದ ಕೆಲವು ದಿನ ನೀರು, ತಿಳಿ ಮಜ್ಜಿಗೆ, ಬೇಳೆಯ ಕಟ್ಟು, ಸಕ್ಕರೆ ಹಾಕದ ಎಳನೀರಿನಂಥ ತಿಳಿ ದ್ರವಗಳು. ಆಮೇಲೆ ಕೆನೆ ತೆಗೆದ ಹಾಲು, ಸೋಸಿದ ತೆಳು ರಾಗಿ ಅಂಬಲಿ, ಪ್ರೋಟೀನ್ ಪುಡಿ ಬೆರೆಸಿದ ಪಾನೀಯ. ಎರಡು ಮೂರು ವಾರಗಳ ನಂತರ ಚೆನ್ನಾಗಿ ಅರೆದ ಹೆಸರುಬೇಳೆ, ಮೊಸರು, ಮೆತ್ತಗೆ ಬೇಯಿಸಿ ಹಿಸುಕಿದ ಮೊಟ್ಟೆ. ಒಂದು ತಿಂಗಳ ಬಳಿಕ ಮೆತ್ತನೆಯ ಇಡ್ಲಿ, ಬೆಂದ ತರಕಾರಿ, ಮುಳ್ಳು ತೆಗೆದ ಮೀನು. ಎರಡು ತಿಂಗಳ ಹೊತ್ತಿಗೆ ಮನೆಮಂದಿಯ ಊಟವೇ, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ. ನಿಮ್ಮ ಶಸ್ತ್ರವೈದ್ಯರು ಕೊಟ್ಟ ಪಟ್ಟಿ ಇದಕ್ಕಿಂತ ತುಸು ಬೇರೆ ಇದ್ದರೆ ಅದನ್ನೇ ಅನುಸರಿಸಿ.

ನಮ್ಮ ಭಾಗದಲ್ಲಿ ಎರಡು ಪದಾರ್ಥಗಳ ಬಗ್ಗೆ ಎಚ್ಚರ ಬೇಕು. ಒಂದು ಖಟಿ ಜೋಳದ ರೊಟ್ಟಿ. ಅದರ ಒಣ ಚೂರು ಸಣ್ಣ ಜಠರದಲ್ಲಿ ಸಿಕ್ಕಿಕೊಂಡು ಎದೆ ಹಿಡಿದಂತಾಗುತ್ತದೆ. ಬಿಸಿ ಮೆದು ರೊಟ್ಟಿಯ ಒಂದು ತುಣುಕನ್ನು ಬೇಳೆಯಲ್ಲಿ ನೆನೆಸಿ, ನುಣ್ಣಗಾಗುವ ತನಕ ಅಗಿದು ನುಂಗಬೇಕು. ಇನ್ನೊಂದು ಅನ್ನ. ಸಿರುಗುಪ್ಪದ ಸೋನಾ ಮಸೂರಿ ಎಷ್ಟೇ ರುಚಿಯಾಗಿದ್ದರೂ, ನಾಲ್ಕು ತುತ್ತು ಅನ್ನ ತಿಂದರೆ ಹೊಟ್ಟೆ ತುಂಬಿ ಬೇಳೆಗೆ, ಮೊಟ್ಟೆಗೆ ಜಾಗವೇ ಉಳಿಯುವುದಿಲ್ಲ. ತಟ್ಟೆಯಲ್ಲಿ ಮೊದಲು ಬೇಳೆ, ಕಾಳು, ಮೊಸರು, ಮೊಟ್ಟೆ, ಆಮೇಲೆ ಪಲ್ಯ, ಕೊನೆಗೆ ಜಾಗ ಉಳಿದರೆ ಅನ್ನ ಅಥವಾ ರೊಟ್ಟಿ. ಈ ಕ್ರಮವನ್ನು ಮರೆಯಬಾರದು.

ಊಟದ ಜೊತೆ ನೀರು ಕುಡಿಯಬೇಡಿ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಕುಡಿಯಿರಿ. ಒಂದೇ ಸಲ ಚೆಂಬು ಎತ್ತಿ ಗಟಗಟನೆ ಕುಡಿಯಲು ಇನ್ನು ಆಗುವುದಿಲ್ಲ. ಬಳ್ಳಾರಿಯ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುವಾಗ ಇದು ಸಣ್ಣ ವಿಷಯವಲ್ಲ. ಕೈಯಲ್ಲಿ ಸದಾ ಬಾಟಲಿ ಇಟ್ಟುಕೊಂಡು, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯುತ್ತ, ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ತಲುಪಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದೇ ಅರ್ಥ.

ಹೋಳಿಗೆ, ಜಿಲೇಬಿ, ಸಕ್ಕರೆ ಜಾಸ್ತಿ ಹಾಕಿದ ಚಹಾ ಇವುಗಳಿಂದ, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಸಿಹಿಯು ಕರುಳಿಗೆ ಒಮ್ಮೆಲೇ ನುಗ್ಗಿ ಎದೆ ಬಡಿತ, ಬೆವರು, ತಲೆಸುತ್ತು, ಭೇದಿ ಉಂಟಾಗಬಹುದು. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ಇದಕ್ಕೆ ಹೆದರಿ ಮತ್ತೆ ಮತ್ತೆ ಸಿಹಿ ತಿನ್ನುವುದು ಪರಿಹಾರವಲ್ಲ. ಪದೇ ಪದೇ ಹೀಗಾದರೆ ವೈದ್ಯರಿಗೆ ತಿಳಿಸಿ.

ಪ್ರೋಟೀನಿನ ಲೆಕ್ಕ

ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಕೆಲವರಿಗೆ 80 ಗ್ರಾಂ. "ನಾವು ಸಸ್ಯಾಹಾರಿಗಳು, ಅಷ್ಟು ಎಲ್ಲಿಂದ ತರೋಣ?" ಎಂಬ ಪ್ರಶ್ನೆ ಸಹಜ. ಆಪರೇಷನ್ ಆಗಿ ಕೆಲವು ತಿಂಗಳಾದವರಿಗೆ ಒಂದು ದಿನದ ಲೆಕ್ಕ ಇಲ್ಲಿದೆ:

ಹಾಲು 400 ಮಿ.ಲೀ. – ಸುಮಾರು 13 ಗ್ರಾಂ
ಮೊಸರು 200 ಗ್ರಾಂ – 7 ಗ್ರಾಂ
ಬೇಳೆ ಅಥವಾ ಕಾಳು (ಬೇಯಿಸುವ ಮುನ್ನ) 60 ಗ್ರಾಂ – 14 ಗ್ರಾಂ
ಪನೀರ್ 75 ಗ್ರಾಂ – 14 ಗ್ರಾಂ
ಸೋಯಾ ಉಂಡೆ (ಒಣ) 20 ಗ್ರಾಂ – 10 ಗ್ರಾಂ
ಶೇಂಗಾ ಚಟ್ನಿಪುಡಿಯಲ್ಲಿ ಶೇಂಗಾ 15 ಗ್ರಾಂ – 4 ಗ್ರಾಂ

ಒಟ್ಟು ಸುಮಾರು 62 ಗ್ರಾಂ. ಇದನ್ನು ಐದಾರು ಸಣ್ಣ ಊಟಗಳಾಗಿ ಹಂಚಿಕೊಳ್ಳಬೇಕು. ಮಾಂಸಾಹಾರಿಗಳಿಗೆ ಕೆಲಸ ಇನ್ನೂ ಸುಲಭ: ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೆಂದ 100 ಗ್ರಾಂ ಕೋಳಿಮಾಂಸದಲ್ಲಿ 25 ಗ್ರಾಂ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಇಷ್ಟು ತಿನ್ನಲಾಗದು. ಆಗ ವೈದ್ಯರು ಬರೆದುಕೊಡುವ ಪ್ರೋಟೀನ್ ಪುಡಿ ಬೇಕೇ ಬೇಕು. ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ನಮ್ಮೂರಿನ ಪ್ರೀತಿಯ ತಿಂಡಿ ನಿಜ. ಆದರೆ ಅದರಲ್ಲಿ ಪ್ರೋಟೀನ್ ಅಲ್ಪ, ಎಣ್ಣೆ ಹೆಚ್ಚು. ಅಗಿಯದೆಯೇ ಕರಗುವ ಮಂಡಕ್ಕಿ ಸಣ್ಣ ಹೊಟ್ಟೆಯಲ್ಲೂ ಸಲೀಸಾಗಿ ಇಳಿದುಹೋಗುವುದರಿಂದ ಎಷ್ಟು ತಿಂದೆವೆಂದು ತಿಳಿಯುವುದೇ ಇಲ್ಲ. ಎರಡು ವರ್ಷದ ಬಳಿಕ ತೂಕ ಮತ್ತೆ ಏರುವುದು ಹೆಚ್ಚಾಗಿ ಇಂಥ ಕುರುಕಲಿನಿಂದ.

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ. ತೂಕ ಬೇಗ ಇಳಿದುದರ ಪರಿಣಾಮ ಅದು. ಪ್ರೋಟೀನ್, ಕಬ್ಬಿಣ ಸರಿಯಾಗಿದ್ದರೆ ಕೂದಲು ಮತ್ತೆ ಬರುತ್ತದೆ.

ಮಾತ್ರೆಗಳು ಜೀವನಪರ್ಯಂತ

"ತೂಕ ಇಳಿಯಿತು, ಇನ್ನು ವಿಟಮಿನ್ ಯಾಕೆ?" ಎನ್ನುವವರು ಒಂದು ವಿಷಯ ಅರಿಯಬೇಕು. ನಾವು ತಿಂದ ಕಬ್ಬಿಣಾಂಶ ಹೀರಲ್ಪಡುವುದು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್‌ನಲ್ಲಿ ಆಹಾರ ಆ ದಾರಿಯಲ್ಲಿ ಹೋಗುವುದೇ ಇಲ್ಲ. ಬಿ12 ವಿಟಮಿನ್ ಹೀರಲು ಜಠರದಲ್ಲಿ ಸ್ರವಿಸುವ ಒಂದು ವಸ್ತು ಬೇಕು. ಜಠರವೇ ಕಿರಿದಾದರೆ ಅದೂ ಕಡಿಮೆ. ಆದ್ದರಿಂದ ಬಹುವಿಟಮಿನ್, ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಇವು ಆರು ತಿಂಗಳ ಕೋರ್ಸ್ ಅಲ್ಲ, ಬದುಕಿನುದ್ದಕ್ಕೂ ಬೇಕು.

ಬಿ12ರ ಸಂಗ್ರಹ ಯಕೃತ್ತಿನಲ್ಲಿ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಇರುತ್ತದೆ. ಹೀಗಾಗಿ ಕೊರತೆ ಕಾಣುವುದು ಎರಡು ಮೂರು ವರ್ಷದ ನಂತರ, ರೋಗಿ ಆಪರೇಷನ್ನಿನ ವಿಷಯವನ್ನೇ ಮರೆತಿರುವಾಗ. ಪಾದಗಳಲ್ಲಿ ಜೋಮು, ಮರೆವು, ಬೇಸರ, ನಾಲಿಗೆ ಉರಿ ಇದರ ಲಕ್ಷಣಗಳು. ಹಾಲು, ಮೊಸರು ಕಡಿಮೆ ಬಳಸುವ ಶುದ್ಧ ಸಸ್ಯಾಹಾರಿಗಳಲ್ಲಿ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಕ್ಕರೆ ರೋಗಿಗಳಲ್ಲಿ ಇದು ಇನ್ನೂ ಬೇಗ ಬರುತ್ತದೆ. ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆ ಇದೆ ಎಂಬುದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿದಿದೆ. ಅಂಥವರು ಕಬ್ಬಿಣದ ಮಾತ್ರೆ ಬಿಡಲೇಬಾರದು.

ತೆಗೆದುಕೊಳ್ಳುವ ರೀತಿಯೂ ಮುಖ್ಯ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ ಅನ್ನು ಒಮ್ಮೆಲೇ ನುಂಗದೆ ದಿನಕ್ಕೆ ಎರಡು ಮೂರು ಸಲ ಹಂಚಿ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಎಂದೂ ಬೇಡ. ಚಹಾ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬದಲಿಗೆ ನಿಂಬೆಹಣ್ಣಿನ ನೀರಿನೊಡನೆ ನುಂಗಿದರೆ ಚೆನ್ನಾಗಿ ಹೀರಲ್ಪಡುತ್ತದೆ.

ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ರಕ್ತವನ್ನು ಬಳ್ಳಾರಿಯಲ್ಲೇ ಕೊಟ್ಟು, ವರದಿಯನ್ನು ನಿಮ್ಮ ಶಸ್ತ್ರವೈದ್ಯರಿಗೆ ಕಳಿಸಬಹುದು. ಊರಿನ ವೈದ್ಯರ ಬಳಿ ಯಾವುದೇ ಕಾಯಿಲೆಗೆ ಹೋದರೂ ಆಪರೇಷನ್ ಆದ ವರ್ಷ ಮತ್ತು ಬಗೆಯನ್ನು ಹೇಳಿ. ಡಿಸ್ಚಾರ್ಜ್ ಕಾರ್ಡಿನ ಒಂದು ಪ್ರತಿ ಪರ್ಸಿನಲ್ಲಿರಲಿ.

ವಾಂತಿ ಮತ್ತು ಗ್ಲುಕೋಸ್ ಬಾಟಲಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ವಾಂತಿ ನಿಲ್ಲುವುದಿಲ್ಲ. ಬೇಗ ಬೇಗ ತಿಂದದ್ದು ಕಾರಣವಿರಬಹುದು, ಹೊಲಿಗೆಯ ಜಾಗ ಕಿರಿದಾಗಿರಬಹುದು. ನಿಶ್ಶಕ್ತಿಯಾಯಿತೆಂದು ಮನೆಯವರು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು "ಒಂದು ಗ್ಲುಕೋಸ್ ಬಾಟಲಿ ಹಾಕಿರಿ" ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಸುಸ್ತಿಗೆ ಗ್ಲುಕೋಸೇ ಮದ್ದು ಎಂಬ ನಂಬಿಕೆ ಬಲವಾಗಿದೆ. ಆದರೆ ಈ ರೋಗಿಗೆ ಅದೇ ಅಪಾಯ ತರಬಹುದು.

ಕಾರಣ ಬಿ1 ವಿಟಮಿನ್, ಅಂದರೆ ಥಯಾಮಿನ್. ಸಕ್ಕರೆಯನ್ನು ಶಕ್ತಿಯಾಗಿಸಲು ದೇಹಕ್ಕೆ ಇದು ಬೇಕು. ದೇಹದಲ್ಲಿರುವ ಇದರ ಸಂಗ್ರಹ ಎರಡು ಮೂರು ವಾರಕ್ಕಷ್ಟೇ ಸಾಕು. ಊಟವಿಲ್ಲದೆ, ವಾಂತಿಯಿಂದ ಅದು ಬರಿದಾಗಿರುವಾಗ ನೇರವಾಗಿ ರಕ್ತಕ್ಕೆ ಗ್ಲುಕೋಸ್ ಹರಿಸಿದರೆ, ಉಳಿದ ಚೂರುಪಾರು ಥಯಾಮಿನ್ನೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ದೃಷ್ಟಿ ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಇದರ ಲಕ್ಷಣಗಳು. ಇದನ್ನು 'ವರ್ನಿಕೆ' ಕಾಯಿಲೆ ಎನ್ನುತ್ತಾರೆ. ಬೇಗ ಚಿಕಿತ್ಸೆಯಾಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಜೀವಕ್ಕೇ ಕುತ್ತಾಗಬಹುದು. ಮನೆಯವರು ಇದನ್ನು "ತಲೆ ಕೆಟ್ಟಿದೆ", "ಗಾಳಿ ಸೋಕಿದೆ" ಎಂದು ತಪ್ಪು ತಿಳಿಯುವ ಸಂಭವವೂ ಉಂಟು.

ಇದು ಹೊಸ ಸಂಗತಿಯೇನಲ್ಲ. ನಯವಾಗಿ ಪಾಲಿಷ್ ಮಾಡಿದ ಅಕ್ಕಿಯನ್ನೇ ಉಣ್ಣುವ ಜನರಲ್ಲಿ ಬರುತ್ತಿದ್ದ 'ಬೆರಿಬೆರಿ' ರೋಗಕ್ಕೂ ಇದೇ ವಿಟಮಿನ್ನಿನ ಕೊರತೆ ಕಾರಣ. ಜಾವಾದಲ್ಲಿ 1890ರ ದಶಕದಲ್ಲಿ ಡಚ್ ವೈದ್ಯ ಐಕ್‌ಮನ್ ಅವರು ಪಾಲಿಷ್ ಅಕ್ಕಿ ತಿಂದ ಕೋಳಿಗಳಿಗೆ ಕಾಲು ಬಿದ್ದುಹೋಗುವುದನ್ನು, ತೌಡು ಹೋಗದ ಅಕ್ಕಿ ಕೊಟ್ಟರೆ ಅವು ಚೇತರಿಸಿಕೊಳ್ಳುವುದನ್ನು ಕಂಡರು. ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬತ್ತದ ಸೀಮೆಯ ನಮಗೆ ಈ ಪಾಠ ಹತ್ತಿರದ್ದು.

ಆದ್ದರಿಂದ, ಆಪರೇಷನ್ ಆದವರಿಗೆ ಎರಡು ಮೂರು ದಿನಕ್ಕಿಂತ ಹೆಚ್ಚು ವಾಂತಿಯಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಡ್ರಿಪ್ ಹಾಕುವ ಮುನ್ನ, "ಇವರಿಗೆ ಬೊಜ್ಜಿನ ಆಪರೇಷನ್ ಆಗಿದೆ, ಮೊದಲು ಥಯಾಮಿನ್ ಇಂಜೆಕ್ಷನ್ ಬೇಕಾದೀತೇ?" ಎಂದು ಕೇಳಿ. ಹಾಗೆ ಕೇಳಿದ್ದಕ್ಕೆ ಯಾವ ವೈದ್ಯರೂ ಬೇಸರಪಡುವುದಿಲ್ಲ.

ಮನಸ್ಸಿನ ಏರಿಳಿತ

ಆಪರೇಷನ್ ಆದ ಮೊದಲ ವರ್ಷ ಬಹುತೇಕರಿಗೆ ಹಬ್ಬದಂತಿರುತ್ತದೆ. ತಿಂಗಳು ತಿಂಗಳೂ ತೂಕ ಇಳಿಯುತ್ತದೆ, ಹಳೆಯ ರವಿಕೆ ದೊಡ್ಡದಾಗುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ. ಹಿಂದೆ ಇದ್ದ ಖಿನ್ನತೆಯೂ ಅನೇಕರಲ್ಲಿ ತಗ್ಗುತ್ತದೆ. ಒಂದೂವರೆ, ಎರಡು ವರ್ಷದ ಹೊತ್ತಿಗೆ ತೂಕ ಒಂದು ಕಡೆ ನಿಲ್ಲುತ್ತದೆ. ಕೆಲವರಲ್ಲಿ ಸ್ವಲ್ಪ ಏರುತ್ತದೆ. ಮನಸ್ಸು ಕುಸಿಯುವ ಕಾಲ ಇದು.

ಕುಸಿಯಲು ಕಾರಣಗಳು ಹಲವು. ದುಃಖವಾದಾಗ, ಒಂಟಿಯೆನಿಸಿದಾಗ ತಿನ್ನುವುದೇ ಕೆಲವರಿಗೆ ಸಮಾಧಾನವಾಗಿರುತ್ತದೆ. ಆಪರೇಷನ್ ಆ ದಾರಿಯನ್ನು ಮುಚ್ಚಿತು, ಬೇರೆ ದಾರಿಯನ್ನು ತೋರಿಸಲಿಲ್ಲ. ಇನ್ನು ಕೆಲವರು ತೂಕ ಇಳಿದರೆ ಮದುವೆ ಆಗುತ್ತದೆ, ಗಂಡನ ಪ್ರೀತಿ ಮರಳುತ್ತದೆ, ಅತ್ತೆಯ ಕೊಂಕು ನಿಲ್ಲುತ್ತದೆ ಎಂದು ಎಣಿಸಿರುತ್ತಾರೆ. ತೂಕ ಇಳಿದರೂ ಅವು ಹಾಗೆಯೇ ಉಳಿದಾಗ ಆಸೆ ಒಡೆಯುತ್ತದೆ. ಹೊಟ್ಟೆ, ತೋಳುಗಳ ಚರ್ಮ ಜೋಲುಬಿದ್ದು ಕನ್ನಡಿ ನೋಡಲು ಮನಸ್ಸಾಗುವುದಿಲ್ಲ. ಮೇಲಾಗಿ ಊರವರ ಬಾಯಿ. ನಮ್ಮ ಕಡೆ ದಪ್ಪಗಿದ್ದಾಗ ನಕ್ಕವರೇ, ತೆಳ್ಳಗಾದಾಗ "ಯಾಕವ್ವಾ, ಹಿಂಗ್ಯಾಕ ಸೊರಗೀದಿ? ಸಕ್ಕರಿ ಬ್ಯಾನಿ ಬಂದೈತೇನು?" ಎಂದು ಜಾತ್ರೆಯಲ್ಲಿ, ಮದುವೆಯಲ್ಲಿ ಎಲ್ಲರೆದುರು ಕೇಳುತ್ತಾರೆ. ಆಪರೇಷನ್ ವಿಷಯ ಮುಚ್ಚಿಟ್ಟವರಿಗಂತೂ ಈ ಪ್ರಶ್ನೆ ಮುಳ್ಳಾಗುತ್ತದೆ.

ಇದನ್ನು ಹಗುರವಾಗಿ ಕಾಣುವಂತಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಈ ಚಿಕಿತ್ಸೆ ಪಡೆದ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬರುವವರ ಪ್ರಮಾಣ ಆಪರೇಷನ್ನಿಗೆ ಮುಂಚಿನದಕ್ಕಿಂತ ನಂತರದ ವರ್ಷಗಳಲ್ಲಿ ಸುಮಾರು ಶೇಕಡಾ 50ರಷ್ಟು ಹೆಚ್ಚಾಗಿತ್ತು. ಒಟ್ಟು ಸಂಖ್ಯೆ ಸಣ್ಣದೇ, ನೂರಕ್ಕೆ ಒಂದೆರಡು. ಹೆದರಿ ಚಿಕಿತ್ಸೆಯನ್ನೇ ಬೇಡವೆನ್ನಬೇಕಾಗಿಲ್ಲ. ಆದರೆ ಅವರಲ್ಲಿ ಬಹುಪಾಲು ಮಂದಿಗೆ ಮೊದಲೇ ಮಾನಸಿಕ ತೊಂದರೆ ಇತ್ತು ಎಂಬುದು ಗಮನಾರ್ಹ. ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದವರು ಆಪರೇಷನ್ನಿನ ಮುಂಚೆಯೇ ಅದನ್ನು ವೈದ್ಯರಿಗೆ ಹೇಳಬೇಕು, ಆಮೇಲೂ ಮನೋವೈದ್ಯರ ಸಂಪರ್ಕ ಬಿಡಬಾರದು.

ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ನಿದ್ದೆಗೇಡು, ಅಳು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಕಂಡರೆ ಅದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ, ಕಾಯಿಲೆ. ಜೊತೆಗೆ ಬಿ12, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಬೇಕು. ಪೋಷಕಾಂಶ ಕಡಿಮೆಯಾದರೂ ಮನಸ್ಸು ಕುಗ್ಗುತ್ತದೆ. ಮನಸ್ಸು ಕುಗ್ಗಿದರೆ ಊಟ, ಮಾತ್ರೆ ತಪ್ಪುತ್ತವೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಚಿಕಿತ್ಸೆ ಮಾಡಿದರೆ ಫಲವಿಲ್ಲ.

ಮದ್ಯ, ಇತರ ಔಷಧಿಗಳು, ಗರ್ಭಧಾರಣೆ

ಆಪರೇಷನ್ ಆದ ಹೊಟ್ಟೆಯಿಂದ ಮದ್ಯ ಬಹುಬೇಗ ರಕ್ತ ಸೇರುತ್ತದೆ. ಮೊದಲು ಮೂರು ಪೆಗ್ಗಿಗೆ ಏರುತ್ತಿದ್ದ ಅಮಲು ಈಗ ಒಂದಕ್ಕೇ ಏರಬಹುದು. ಊಟದ ಚಟ ಬಿಟ್ಟವರು ಕುಡಿತದ ಚಟಕ್ಕೆ ಬೀಳುವುದು, ಮುಖ್ಯವಾಗಿ ಎರಡನೆಯ ವರ್ಷದಿಂದ, ಅಮೆರಿಕದ ಅಧ್ಯಯನಗಳಲ್ಲಿ ಕಂಡುಬಂದಿದೆ. ಮದ್ಯ ಥಯಾಮಿನ್ ಅನ್ನೂ ಬರಿದುಮಾಡುತ್ತದೆ. ಬಿಟ್ಟುಬಿಡುವುದೇ ಲೇಸು. ಬೀಡಿ, ಸಿಗರೇಟು ಹೊಲಿಗೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ.

ಮೈಕೈ ನೋವಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ಪಡೆಯುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಬೈಪಾಸ್ ಆದವರಿಗೆ ನಿಷಿದ್ಧ. ಅವೂ ಹುಣ್ಣು, ರಕ್ತಸ್ರಾವ ಉಂಟುಮಾಡುತ್ತವೆ. ಪ್ಯಾರಾಸಿಟಮಾಲ್ ಸಾಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಔಷಧಿಗಳ ಪ್ರಮಾಣವನ್ನು ತೂಕ ಇಳಿದಂತೆ ಇಳಿಸಬೇಕಾಗುತ್ತದೆ. ಹಳೆಯ ಚೀಟಿಯನ್ನೇ ಮುಂದುವರಿಸಿದರೆ ಸಕ್ಕರೆ ಅಥವಾ ಒತ್ತಡ ತೀರ ಕುಸಿಯಬಹುದು. ಮಾನಸಿಕ ಕಾಯಿಲೆಯ ಮಾತ್ರೆಗಳಲ್ಲಿ ಕೆಲವು, ಅದರಲ್ಲೂ ನಿಧಾನವಾಗಿ ಕರಗುವಂಥವು, ಮೊದಲಿನಂತೆ ಹೀರಲ್ಪಡದೆ ಇರಬಹುದು. ಲಿಥಿಯಂ ತೆಗೆದುಕೊಳ್ಳುವವರಲ್ಲಿ ಅದರ ಮಟ್ಟ ಅಪಾಯಕರವಾಗಿ ಏರಬಹುದು. ರಕ್ತ ಪರೀಕ್ಷೆ ಬೇಕು. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.

ವರ್ಷಗಟ್ಟಲೆ ಮಕ್ಕಳಾಗದಿದ್ದ ಹೆಣ್ಣುಮಕ್ಕಳಿಗೆ ತೂಕ ಇಳಿದ ಬಳಿಕ ಮುಟ್ಟು ಸರಿಹೋಗಿ ಬೇಗ ಗರ್ಭ ನಿಲ್ಲಬಹುದು. ಸಂತೋಷದ ಮಾತೇ. ಆದರೆ ಮೊದಲ 12ರಿಂದ 18 ತಿಂಗಳು ಗರ್ಭಧಾರಣೆ ಬೇಡ. ತಾಯಿಗೇ ಸಾಲದ ಪೋಷಣೆ ಮಗುವಿಗೆ ಎಲ್ಲಿಂದ ಬರಬೇಕು? ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವಂತಿಲ್ಲ. ಸ್ತ್ರೀರೋಗ ತಜ್ಞರೊಡನೆ ಮಾತಾಡಿ ಬೇರೆ ವಿಧಾನ ಆರಿಸಿಕೊಳ್ಳಿ.

ಮನೆಯವರ ಪಾಲು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯ ಎರಡು ಅರ್ಧಗಳೂ ಈ ರೋಗಿಯ ಮನೆಯವರಿಗೆ ಅನ್ವಯಿಸುತ್ತವೆ. ನಮ್ಮಲ್ಲಿ ಒತ್ತಾಯ ಮಾಡಿ ಬಡಿಸುವುದೇ ಪ್ರೀತಿ. "ಇದೊಂದು ಹೋಳಿಗಿ ತಿಂದ್ರ ಏನಾಗ್ತೈತಿ?" ಎಂಬ ಮಾತಿಗೆ ಮಣಿದು ತಿಂದವರು ಹಿತ್ತಿಲಿಗೆ ಓಡಿ ವಾಂತಿ ಮಾಡಬೇಕಾಗುತ್ತದೆ. ಇವರಿಗೆ ಸಣ್ಣ ಬಟ್ಟಲು, ಸಣ್ಣ ಚಮಚ ಇಡಿ. ಉಣ್ಣಲು ಇಪ್ಪತ್ತು ಮೂವತ್ತು ನಿಮಿಷ ಸಮಯ ಕೊಡಿ. ತಟ್ಟೆಯಲ್ಲಿ ಬಿಟ್ಟದ್ದಕ್ಕೆ ಬೈಯಬೇಡಿ. ಏಕಾದಶಿ, ಶ್ರಾವಣ, ರಂಜಾನಿನ ಉಪವಾಸವನ್ನು ಮೊದಲ ಒಂದು ವರ್ಷವಾದರೂ ಕೈಬಿಟ್ಟು, ಆಮೇಲೆ ವೈದ್ಯರನ್ನು ಕೇಳಿ ನಿರ್ಧರಿಸಲಿ.

ದಿನವೂ ತೂಕ ಕೇಳಬೇಡಿ. "ಇಷ್ಟು ಲಕ್ಷ ಸುರಿದೆವು, ಮತ್ತೆ ದಪ್ಪಗಾಗ್ತಿದ್ದೀಯಲ್ಲ" ಎಂಬ ಒಂದು ಮಾತು ಎಷ್ಟೋ ತಿಂಗಳ ಶ್ರಮವನ್ನು ಹಾಳುಮಾಡುತ್ತದೆ. ಬದಲಿಗೆ ಬೆಳಗ್ಗೆ ಅರ್ಧ ಗಂಟೆ ಜೊತೆಗೆ ನಡೆಯಿರಿ. ಇಂದು ಮನಸ್ಸು ಹೇಗಿದೆ ಎಂದು ಕೇಳಿ, ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಿ. ಅಪರಿಚಿತರ ಪ್ರಶ್ನೆಗೆ "ಡಾಕ್ಟರ ಸಲಹೆಯಂತೆ ತೂಕ ಇಳಿಸಿಕೊಂಡಿದ್ದೇನೆ, ಆರೋಗ್ಯವಾಗಿದ್ದೇನೆ" ಎಂದರೆ ಸಾಕು. ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ.

ಸಹಾಯ ಎಲ್ಲಿ ಸಿಗುತ್ತದೆ?

ಮನಸ್ಸಿನ ಕಾಯಿಲೆಗೆ ದೊಡ್ಡ ಊರಿಗೇ ಹೋಗಬೇಕೆಂಬುದು ತಪ್ಪು ಕಲ್ಪನೆ. ಇದನ್ನು ದೇಶಕ್ಕೆ ತೋರಿಸಿಕೊಟ್ಟ ಜಿಲ್ಲೆಯೇ ನಮ್ಮದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ 1990ರವರೆಗೆ, ಸುಮಾರು 20 ಲಕ್ಷ ಜನಸಂಖ್ಯೆಯ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಬಾಗಿಲಿಗೇ ತಂದಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಆ ಊರಿನವರಾದ ನಾವೇ ಮನೋವೈದ್ಯರ ಬಳಿ ಹೋಗಲು ನಾಚುವುದು ಸರಿಯೇ?

ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ರಾಜ್ಯದ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಸಿರುಗುಪ್ಪ, ಕುರುಗೋಡು ಕಡೆಯವರು ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಲಿ. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಆಪ್ತಸಲಹೆಗಾರರು ಮಾತಾಡುತ್ತಾರೆ. ಬದುಕು ಬೇಡವೆಂಬ ಮಾತು ಯಾರ ಬಾಯಲ್ಲಿ ಬಂದರೂ ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

1. ಎರಡು ಮೂರು ದಿನ ನಿಲ್ಲದ ವಾಂತಿ; ನೀರೂ ಇಳಿಯದಿರುವುದು.
2. ದೃಷ್ಟಿ ಎರಡಾಗುವುದು, ತೂರಾಟ, ಮಾತಿನ ಗೊಂದಲ.
3. ಜೋರು ಹೊಟ್ಟೆನೋವು, ಜ್ವರ, ಕಪ್ಪು ಮಲ. ತೂಕ ಬೇಗ ಇಳಿದವರಲ್ಲಿ ಪಿತ್ತಕೋಶದ ಕಲ್ಲು ಸಾಮಾನ್ಯ. ಬಲಗಡೆ ಪಕ್ಕೆಯ ಕೆಳಗಿನ ನೋವನ್ನು ಗ್ಯಾಸ್ ಎಂದು ಕಡೆಗಣಿಸಬೇಡಿ.
4. ಕಾಲು ಊತ, ಏದುಸಿರು, ಎದೆನೋವು.
5. ಕೈಕಾಲು ಜೋಮು, ಅತಿಯಾದ ಸುಸ್ತು.
6. ಎರಡು ವಾರ ಮೀರಿದ ಬೇಸರ, ಸಾವಿನ ಮಾತು, ಹೊಸದಾಗಿ ಹತ್ತಿದ ಕುಡಿತ.

ಮೊದಲ ನಾಲ್ಕರಲ್ಲಿ ಯಾವುದೇ ಇದ್ದರೂ, ಅಥವಾ ಸಾವಿನ ಮಾತು ಕೇಳಿದರೂ, ಬೆಳಗಾಗಲಿ ಎಂದು ಕಾಯದೆ ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಉಳಿದವಕ್ಕೆ ಆ ವಾರದಲ್ಲೇ ನಿಮ್ಮ ಊರಿನ ವೈದ್ಯರನ್ನು ಕಾಣಿ. ಹೋಗುವಾಗ ಡಿಸ್ಚಾರ್ಜ್ ಕಾರ್ಡು ಮತ್ತು ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗುವುದನ್ನು ಮರೆಯಬೇಡಿ.